ಗಾಳಿಯ ಕೂಲರ್‌ನಲ್ಲೇ ರೈಜನ್ 5 2600 ಓವರ್‌ಕ್ಲಾಕ್ ಮಾಡಬಹುದೇ?

ಧಾರಾಳವಾಗಿ ಮಾಡಬಹುದು. ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನು ಕಾರ್ಖಾನೆ ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು; ಪ್ರೊಸೆಸರಿನ ಶಾಖವನ್ನು ಗಾಳಿಯ ಕೂಲರ್ ಫ್ಯಾನ್‌ನಿಂದ ತಣಿಸುತ್ತದೆ, ವಾಟರ್ ಕೂಲರ್ ಪಂಪ್‌ನಿಂದ ದ್ರವ ಹರಿಸಿ. ಬಿ450 ಮದರ್‌ಬೋರ್ಡ್ ಇದೆ, ವಾಟರ್ ಕೂಲರ್ ಕೊಳ್ಳುವಷ್ಟು ಹಣವಿಲ್ಲ, ಕಲಬುರಗಿಯ ಬೇಸಿಗೆಗೆ ಗಾಳಿಯ ಕೂಲರ್ ತಡೆಯುತ್ತದೆಯೇ ಎಂದು ಕೇಳಿದ್ದೀರಿ. ನಾನಿರುವುದು ರಾಯಚೂರಿನಲ್ಲಿ. ಇದೇ ಪ್ರೊಸೆಸರ್‌ನೊಂದಿಗೆ ನಾಲ್ಕು ಬೇಸಿಗೆ ಕಳೆದಿದ್ದೇನೆ, ಎಲ್ಲವೂ ಗಾಳಿಯ ಕೂಲರ್‌ನಲ್ಲೇ.

ಪೆಟ್ಟಿಗೆಯಲ್ಲಿ ಬಂದ ಚಿಕ್ಕ ರೇತ್ ಸ್ಟೆಲ್ತ್ ಕೂಲರ್ ಮಾತ್ರ ಇದಕ್ಕೆ ಸಾಲದು. ಅದು ಬರಿಯ ಅಲ್ಯೂಮಿನಿಯಂ ಗಟ್ಟಿ. ನಾಲ್ಕು ತಾಮ್ರದ ಹೀಟ್ ಪೈಪ್, 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರ್ ತೆಗೆದುಕೊಳ್ಳಿ. ಆ ಪೈಪುಗಳು ಟೊಳ್ಳು. ಗಾಳಿ ತೆಗೆದು ಮುಚ್ಚಿದ ಆ ಟೊಳ್ಳಿನಲ್ಲಿ ಒಂದಿಷ್ಟು ದ್ರವ, ಸಾಮಾನ್ಯವಾಗಿ ನೀರೇ, ಇರುತ್ತದೆ. ಒತ್ತಡ ತೀರಾ ಕಡಿಮೆಯಾದ್ದರಿಂದ ಅದು ಪ್ರೊಸೆಸರಿನ ಬಿಸಿಗೇ ಆವಿಯಾಗಿ ಮೇಲಿನ ರೆಕ್ಕೆಗಳತ್ತ ಧಾವಿಸುತ್ತದೆ, ಅಲ್ಲಿ ತಣಿದು ಹನಿಯಾಗುತ್ತದೆ, ಪೈಪಿನ ಒಳಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ಮತ್ತೆ ಕೆಳಗೆ ಬರುತ್ತದೆ. ಪಂಪ್ ಇಲ್ಲ, ಸೋರುವ ಭಯವಿಲ್ಲ. ನನಗೆ ಈ ಸರಳತೆಯ ಬಗ್ಗೆ ಬಹಳ ಗೌರವವಿದೆ.

ಹಳೆಯ ಕೂಲರ್ ಬಿಚ್ಚುವಾಗ ಎಚ್ಚರ. ಎಎಂ4 ಸಾಕೆಟ್‌ನಲ್ಲಿ ಕೂರುವ ಈ ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇವೆ, ಒಟ್ಟು 1331. ಕೂಲರಿಗೆ ಶಾಖ ದಾಟಿಸಲು ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ, ಕೂಲರನ್ನು ನೇರವಾಗಿ ಎಳೆದಾಗ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ. ನನಗೆ ಹಾಗೆಯೇ ಆಯಿತು. ಮೂಲೆಯಲ್ಲಿ ಬಾಗಿದ್ದ ಎರಡು ಪಿನ್ನುಗಳನ್ನು ಬ್ಲೇಡಿನ ಅಂಚಿನಿಂದ ಒಂದೊಂದಾಗಿ ನೆಟ್ಟಗೆ ಮಾಡುವಷ್ಟರಲ್ಲಿ ಅಂಗೈ ಬೆವತಿತ್ತು. ಮೊದಲು ಹತ್ತು ನಿಮಿಷ ಏನಾದರೂ ಭಾರದ ಕೆಲಸ ಕೊಟ್ಟು ಪೇಸ್ಟನ್ನು ಬೆಚ್ಚಗಾಗಿಸಿ. ಯಂತ್ರ ಆರಿಸಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ. ಹಿಡಿತ ಸಡಿಲವಾದದ್ದು ಕೈಗೇ ಗೊತ್ತಾಗುತ್ತದೆ, ಆಮೇಲೆ ಎತ್ತಿ.

ಇನ್ನು ವೇಗ. ಬಯಾಸ್ ಎಂದರೆ ಯಂತ್ರ ಆನ್ ಮಾಡಿದ ಕೂಡಲೇ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪುಟ. ಬಯಾಸ್‌ನಲ್ಲಿ ಲೆಕ್ಕ ಮಾಡುವ ಆರೂ ಘಟಕಗಳಾದ ಕೋರ್‌ಗಳಿಗೆ 3.8 ಗಿಗಾಹರ್ಟ್ಸ್ ಕೊಟ್ಟು ಆರಂಭಿಸಿ. ವೋಲ್ಟೇಜನ್ನು ‘ಆಟೋ’ದಲ್ಲಿ ಬಿಡಬೇಡಿ, ಬೋರ್ಡು ಅಗತ್ಯಕ್ಕಿಂತ ಹೆಚ್ಚು ಉಣಿಸಿಬಿಡಬಹುದು. 1.25 ವೋಲ್ಟ್ ಎಂದು ನೀವೇ ಬರೆಯಿರಿ. ಪ್ರೊಸೆಸರಿಗೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ಸಿನೆಬೆಂಚ್ ತಂತ್ರಾಂಶ ಒಂದೆರಡು ಸುತ್ತು ಓಡಿದರೆ 50 ಮೆಗಾಹರ್ಟ್ಸ್ ಏರಿಸಿ, ಮತ್ತೆ ಓಡಿಸಿ. ಯಂತ್ರ ಏಳಲೇ ಇಲ್ಲವೆಂದು ಗಾಬರಿ ಬೇಡ: ಪ್ಲಗ್ ಕಿತ್ತು, ಬೋರ್ಡಿನ ನಾಣ್ಯದಂಥ ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಎಲ್ಲವೂ ಮೊದಲಿನಂತಾಗುತ್ತದೆ.

ನನ್ನ ಚಿಪ್ 1.25 ವೋಲ್ಟ್‌ನಲ್ಲಿ 4.0 ಗಿಗಾಹರ್ಟ್ಸ್‌ಗೆ ಹಾಯಾಗಿ ನಿಂತಿತು. 4.15 ಬೇಕೆಂದು ಹಟ ಹಿಡಿದಾಗ 1.4 ವೋಲ್ಟ್ ಕೇಳಿತು. ಇದರ ಲೆಕ್ಕ ನೋಡಿ. ಪ್ರೊಸೆಸರ್ ಹೊರಡಿಸುವ ಶಾಖ ವೇಗದೊಂದಿಗೆ ನೇರವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಹಾಗಾಗಿ ಶೇ 4ಕ್ಕಿಂತ ಕಡಿಮೆ ವೇಗಕ್ಕೆ ಸುಮಾರು ಶೇ 30ರಷ್ಟು ಹೆಚ್ಚು ಶಾಖ! 3ಡಿ ಚಿತ್ರ ರಚಿಸುವ ಬ್ಲೆಂಡರ್‌ನಲ್ಲಿ ಒಂದು ಗಂಟೆ ಹಿಡಿಯುವ ರೆಂಡರ್‌ನಲ್ಲಿ ಉಳಿಯುವುದು ಎರಡು ನಿಮಿಷ ಚಿಲ್ಲರೆ. ಆ ಎರಡು ನಿಮಿಷಕ್ಕಾಗಿ ವಾಟರ್ ಕೂಲರ್ ಕೊಳ್ಳುವವರಿದ್ದಾರೆ; ದಯವಿಟ್ಟು ಅದರಿಂದ ದೂರವಿರಿ.

ನಮ್ಮ ಕಡೆಯವರು ಮರೆಯಬಾರದ ಸಂಗತಿಯೊಂದಿದೆ. ಗಾಳಿಯ ಕೂಲರ್ ಆಗಲಿ ಸಾಮಾನ್ಯ ವಾಟರ್ ಕೂಲರ್ ಆಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಜನವರಿಯ ರಾತ್ರಿ ಕೋಣೆ 24 ಡಿಗ್ರಿ ಇದ್ದಾಗ ನನ್ನ ಪ್ರೊಸೆಸರ್ ಪೂರ್ತಿ ಹೊರೆಯಲ್ಲಿ 74 ತೋರಿಸುತ್ತಿತ್ತು. ಮೇ ತಿಂಗಳ ಮಧ್ಯಾಹ್ನ ಕೋಣೆಯೇ 38 ಆದಾಗ, ಅದೇ ಸೆಟ್ಟಿಂಗ್‌ನಲ್ಲಿ 88. ನಡುವಿನ ಅಂತರ ಎರಡೂ ಸಲ ಐವತ್ತೇ. ಈ ಚಿಪ್‌ನ ಗರಿಷ್ಠ ಮಿತಿ 95 ಡಿಗ್ರಿ. ಅಂದರೆ ಚಳಿಗಾಲದಲ್ಲಿ ಪರೀಕ್ಷಿಸಿ ‘ಪಾಸಾಯಿತು’ ಎಂದುಕೊಂಡ ಸೆಟ್ಟಿಂಗ್ ಬೇಸಿಗೆಯಲ್ಲಿ ಕೈಕೊಡಬಹುದು. ಇಂಥ ಪರೀಕ್ಷೆಗೆ ಬಿಸಿಲು ನೆತ್ತಿಗೇರಿದ ಹೊತ್ತನ್ನೇ ಆರಿಸಿಕೊಳ್ಳಿ. ನಾನು ಬಯಾಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿಟ್ಟಿದ್ದೇನೆ: ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ 3.9, ಉಳಿದಂತೆ 4.0. ತಿಂಗಳಿಗೊಮ್ಮೆ ರೆಕ್ಕೆಗಳ ನಡುವಿನ ಧೂಳನ್ನು ಬ್ರಷ್‌ನಿಂದ ತೆಗೆಯುತ್ತೇನೆ, ಏಕೆಂದರೆ ನಮ್ಮ ಊರುಗಳ ಧೂಳು ಕೂಲರಿನ ಅರ್ಧ ಶಕ್ತಿಯನ್ನೇ ತಿಂದುಹಾಕುತ್ತದೆ.

ಇದಕ್ಕೆಲ್ಲ ಕೈಹಾಕುವ ಮುನ್ನ, ಇವತ್ತೇ ಒಂದು ಕೆಲಸ ಮಾಡಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ, ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್ ಆನ್ ಆಗಿದೆಯೇ ನೋಡಿ. 3200 ವೇಗದ ರ‍್ಯಾಮ್ ಕೊಂಡು, ಅದು 2400ರಲ್ಲೇ ತೆವಳುತ್ತಿರುವ ಯಂತ್ರಗಳನ್ನು ನಾನು ಎಷ್ಟೋ ಕಂಡಿದ್ದೇನೆ. ರೈಜನ್‌ನಲ್ಲಿ ಕೋರ್‌ಗಳ ಗುಂಪುಗಳನ್ನು ಬೆಸೆಯುವ ದಾರಿಯ ವೇಗವೂ ರ‍್ಯಾಮ್‌ಗೆ ಅಂಟಿಕೊಂಡಿರುವುದರಿಂದ, ಆಟಗಳಲ್ಲಿ ಇದೊಂದರಿಂದಲೇ ವ್ಯತ್ಯಾಸ ಕಾಣುತ್ತದೆ. ನಂತರ ಕೋಣೆಯ ಉಷ್ಣಾಂಶ, ಪ್ರೊಸೆಸರಿನ ಉಷ್ಣಾಂಶ ಎರಡನ್ನೂ ಬರೆದು ತಿಳಿಸಿ. ನಿಮ್ಮ ಚಿಪ್‌ಗೆ ಎಷ್ಟು ವೋಲ್ಟ್ ಸಾಕೆಂದು ಒಟ್ಟಿಗೇ ನೋಡೋಣ.