ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಇಡಬಹುದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಉಡುಪಿ ಹತ್ರ ಕಲ್ಯಾಣಪುರದಲ್ಲಿ ನಮ್ಮದು ಹಳೇ ಹಂಚಿನ ಮನೆ ಇತ್ತು, ಅದನ್ನು ತೆಗೆದು ಆರ್‌ಸಿಸಿ ಕಟ್ಟಿದ್ದೇವೆ. ಮೊದಲು ಬಚ್ಚಲಲ್ಲಿ ಹಂಡೆ, ತೆಂಗಿನ ಸಿಪ್ಪೆ, ಮಡಲು ಹಾಕಿ ನೀರು ಕಾಯಿಸುದು. ಈಗ ಅಪ್ಪ ಅಮ್ಮನಿಗೆ ಅದೆಲ್ಲ ಆಗುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಸರಿ ಇರುದಿಲ್ಲ, ಹಾಗಾಗಿ ಗ್ಯಾಸ್ ಗೀಸರ್ ಹಾಕುವ ಅಂತ. ಪ್ಲಂಬರ್ ಹೇಳ್ತಾರೆ ಬಚ್ಚಲಿನ ಒಳಗೇ ಹಾಕಿದ್ರೆ ಪೈಪ್ ಖರ್ಚು ಕಮ್ಮಿ, ಎಕ್ಸಾಸ್ಟ್ ಫ್ಯಾನ್ ಉಂಟಲ್ಲ, ಎಂತ ಆಗುದಿಲ್ಲ ಅಂತ. ಬಚ್ಚಲು 5 ಅಡಿಗೆ 7 ಅಡಿ. ಹಾಕಬಹುದಾ?

ಉತ್ತರ: ಬೇಡ. ಫ್ಯಾನ್ ಇದ್ರೂ ಬೇಡ, ಕಿಟಕಿ ಇದ್ರೂ ಬೇಡ. ಗೀಸರ್ ಗೋಡೆಯ ಆಚೆ ಇರ್ಲಿ, ಬಿಸಿ ನೀರಿನ ಪೈಪ್ ಮಾತ್ರ ಒಳಗೆ ಬರ್ಲಿ.

ಯಾಕೆ ಅಂತ ಲೆಕ್ಕ ಹಾಕಿಯೇ ನೋಡುವ. ಅಂಗಡಿಯಲ್ಲಿ 6 ಲೀಟರಿಂದು ಅಂತ ಕೊಡ್ತಾರಲ್ಲ, ಅದು ನಿಮಿಷಕ್ಕೆ 6 ಲೀಟರ್ ಬಿಸಿ ನೀರು ಬಿಡುವಂತದ್ದು, ಅದರ ಬರ್ನರ್ ಸುಮಾರು 10ರಿಂದ 12 ಕಿಲೋವ್ಯಾಟ್, ಗಂಟೆಗಟ್ಟಲೆ ಬಿಟ್ರೆ ಒಂದು ಗಂಟೆಗೆ ಹತ್ತಿರ ಹತ್ತಿರ 1 ಕೆಜಿ ಗ್ಯಾಸ್ ಉರಿತದೆ. 1 ಕೆಜಿ ಗ್ಯಾಸ್ ಸರಿಯಾಗಿ ಉರಿಲಿಕ್ಕೆ 12 ಘನ ಮೀಟರಿಗಿಂತ ಜಾಸ್ತಿ ಗಾಳಿ ಬೇಕು. ನಿಮ್ಮ ಬಚ್ಚಲಲ್ಲಿ, ಎತ್ತರ 8 ಅಡಿ ಅಂತ ಹಿಡಿದ್ರೆ, ಇರುವ ಗಾಳಿಯೇ ಒಟ್ಟು 8 ಘನ ಮೀಟರ್. ಅಂದ್ರೆ 10 ನಿಮಿಷದ ಒಂದು ಸ್ನಾನಕ್ಕೆ ಆ ಕೋಣೆಯ ಕಾಲುಭಾಗದಷ್ಟು ಗಾಳಿಯನ್ನು ಬೆಂಕಿ ತಗೊಳ್ತದೆ, ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದ್ರೆ ಕೇಳುದೇ ಬೇಡ. ಗಾಳಿ ಸಾಕಾಗದೆ ಹೋದಾಗ ಗ್ಯಾಸ್ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಬರ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುದಿಲ್ಲ, ಕೆಮ್ಮು ಬರುದಿಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿಯುವ ಜಾಗವನ್ನು ಅದು ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಗಟ್ಟಿಯಾಗಿ ಹಿಡ್ಕೊಳ್ತದೆ. ಕಾಲಲ್ಲಿ ಬಲ ಹೋಗಿ ಬಿದ್ರೆ ಬಾಗಿಲಿನ ಚಿಲಕ ಒಳಗಿಂದ ಹಾಕಿರ್ತದೆ, ಹೊರಗಿನವ್ರಿಗೆ ಗೊತ್ತಾಗುವಷ್ಟರಲ್ಲಿ ತಡ ಆಗಿರ್ತದೆ. ವಯಸ್ಸಾದವ್ರಿಗೆ ಅಂತ ಹಾಕುದು ನೀವು, ಇಲ್ಲಿ ಪೈಪಿನ ದುಡ್ಡು ನೋಡ್ಬೇಡಿ.

ಹಂಡೆ ಒಲೆಯಿಂದಲೂ ಈ ವಿಷಗಾಳಿ ಬರ್ತಿತ್ತು. ಆದ್ರೆ ಹಳೇ ಬಚ್ಚಲಿಗೆ ಹಂಚಿನ ಸಂದಿ ಇತ್ತು, ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಹೊಗೆ ಹೋಗ್ಲಿಕ್ಕೆ ದಾರಿ ಇತ್ತು. ಈಗಿನ ಟೈಲ್ಸ್ ಬಚ್ಚಲು ಹಾಗಲ್ಲ, ಅದ್ರಲ್ಲೂ ಆಟಿ ತಿಂಗಳ ಜೋರು ಮಳೆಯಲ್ಲಿ ಇರಚಲು ಹೊಡಿತದೆ ಅಂತ ಕಿಟಕಿಯ ಗ್ಲಾಸ್ ಪಟ್ಟಿಗೆ ಪ್ಲಾಸ್ಟಿಕ್ ಬೇರೆ ಕಟ್ತೇವೆ ನಾವು. ಬಿಸಿ ನೀರು ಜಾಸ್ತಿ ಬೇಕಾಗುದೂ ಆಗಲೇ. ಎಕ್ಸಾಸ್ಟ್ ಫ್ಯಾನ್ ವಿಷಯ ಹೇಳುದಾದ್ರೆ, ಸ್ವಿಚ್ ಹಾಕ್ಲಿಕ್ಕೆ ಮರೆತ್ರೆ ಅದು ಇದ್ದೂ ಇಲ್ಲ, ಕರೆಂಟ್ ಹೋದ್ರೆ ನಿಲ್ತದೆ, ನೀವು ಗ್ಯಾಸ್ ಗೀಸರ್ ತಗೊಳ್ಳುದೇ ಕರೆಂಟ್ ಹೋಗ್ತದೆ ಅಂತ ಅಲ್ವಾ. ಹೊಗೆ ಕೊಳವೆ ಇರುವ ಮಾಡೆಲ್ ಆದ್ರೆ ಇನ್ನೊಂದು ತೊಂದ್ರೆ, ಹೊರಗಿನ ಗಾಳಿ ಬರ್ಲಿಕ್ಕೆ ದಾರಿ ಇಲ್ಲದ ಕೋಣೆಯಲ್ಲಿ ಫ್ಯಾನ್ ಹಾಕಿದ್ರೆ ಅದು ಕೊಳವೆಯ ಹೊಗೆಯನ್ನೇ ವಾಪಸ್ ಒಳಗೆ ಎಳಿಬಹುದು.

ನಿಮ್ಮಲ್ಲಿ ಬಚ್ಚಲಿನ ಹಿಂದೆ ಸನ್‌ಶೇಡ್ ಅಡಿ ಗೋಡೆ ಇದ್ರೆ ಒಳ್ಳೆ ಜಾಗ. ಮಳೆ ನೀರು ಬೀಳದ ಹಾಗೆ ನೋಡಿ, ಆದ್ರೆ ಪೆಟ್ಟಿಗೆ ಮಾಡಿ ಮುಚ್ಚಿಡ್ಬೇಡಿ, ಬಚ್ಚಲಿನ ಕಿಟಕಿಯ ಕೆಳಗೆ ಸರಿಯಾಗಿ ಬರುದೂ ಬೇಡ. ಗೀಸರಿಗೆ ಬಿಐಎಸ್‌ನ ಐಎಸ್ 15558 ಗುರುತು ಉಂಟಾ ನೋಡಿ. ಒಲೆಗೆ ಹೋಗುವ ರಬ್ಬರ್ ಪೈಪಿಗೆ ‘T’ ಆಕಾರದ ಜಾಯಿಂಟ್ ಹಾಕಿ ಕವಲು ತೆಗಿಯುವ ಕೆಲಸ ಖಂಡಿತ ಬೇಡ. ದೂರಕ್ಕೆ ಲೋಹದ ಪೈಪೇ ಆಗ್ಬೇಕು, ಸುರಕ್ಷಾ ಹೋಸ್ (ಗ್ಯಾಸಿಗೆ ಅಂತಲೇ ಸಿಗುವ ರಬ್ಬರ್ ಪೈಪ್) ಒಂದೂವರೆ ಮೀಟರಿಗಿಂತ ಉದ್ದ ಬೇಡ, ಗೋಡೆ ಒಳಗಿಂದ ತೂರಿಸುದು ಬೇಡ, 5 ವರ್ಷಕ್ಕೆ ಬದಲಾಯಿಸ್ಬೇಕು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲ ಹಿಡಿದು ಹರಿದು ತಗ್ಗಲ್ಲಿ ನಿಲ್ತದೆ, ಹಾಗಾಗಿ ಸಿಲಿಂಡರನ್ನು ಚರಂಡಿ, ಗುಂಡಿ ಹತ್ರ ಇಡ್ಬೇಡಿ. ಲೀಕ್ ವಾಸನೆ ಬಂದ್ರೆ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಇನ್ನು ಮಂಗ್ಳೂರು ಕಡೆ ಪೈಪ್ ಗ್ಯಾಸ್ ಬಂದವ್ರು, ಸಿಲಿಂಡರಿಗೆ ಅಂತ ತಯಾರಾದ ಗೀಸರನ್ನು ಹಾಗೇ ಅದಕ್ಕೆ ಜೋಡಿಸ್ಬೇಡಿ, ಎರಡರ ಜೆಟ್ (ಗ್ಯಾಸ್ ಹೊರಬರುವ ಸಣ್ಣ ತೂತು) ಬೇರೆ, ಪ್ರೆಷರ್ ಬೇರೆ.

ಪ್ರಶ್ನೆ: ಸುರತ್ಕಲ್‌ನಲ್ಲಿ ಬಾಡಿಗೆ ಫ್ಲ್ಯಾಟಲ್ಲಿ ಇದ್ದೇವೆ, ಗ್ಯಾಸ್ ಗೀಸರ್ ಮೊದಲೇ ಬಚ್ಚಲಲ್ಲಿ ಉಂಟು. ಮಳೆ ಶುರುವಾದ ಮೇಲೆ ನನ್ನ ಹೆಂಡತಿಗೆ ಸ್ನಾನ ಮಾಡಿ ಬಂದ ಕೂಡ್ಲೇ ಮಂಡೆನೋವು, ವಾಕರಿಕೆ, ಒಮ್ಮೆ ಕಣ್ಣು ಕತ್ತಲೆ ಬಂತು. ಗ್ಯಾಸ್ ವಾಸನೆ ಏನೂ ಇಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರಲ್ಲಿ 98 ತೋರಿಸ್ತದೆ. ಪಿತ್ತ ಅಂತ ಅತ್ತೆ ಹೇಳ್ತಾರೆ.

ಉತ್ತರ: ಪಿತ್ತ ಅಂತ ಬಿಡ್ಬೇಡಿ ಮಾರಾಯ್ರೆ, ಇದು ಮೇಲೆ ಹೇಳಿದ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಇವತ್ತಿಂದಲೇ ಆ ಗೀಸರ್ ಬಂದ್ ಮಾಡಿ, ಒಲೆ ಮೇಲೆ ನೀರು ಕಾಯಿಸಿ ಬಕೆಟಲ್ಲಿ ತಗೊಂಡು ಹೋಗಿ, ಅವ್ರನ್ನು ಡಾಕ್ಟರಿಗೆ ತೋರ್ಸಿ. ತೋರ್ಸುವಾಗ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉಂಟು ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ರೆ ಮೈಗ್ರೇನ್ ಅಂತ, ಬಿದ್ದವ್ರಿಗೆ ಫಿಟ್ಸ್ ಅಂತ ಮದ್ದು ಶುರುವಾಗುವ ಸಾಧ್ಯತೆ ಉಂಟು.

98 ನೋಡಿ ಸಮಾಧಾನ ಮಾಡ್ಕೊಳ್ಳುದು ಬೇಡ. ಬೆರಳಿನ ಮೀಟರಿಗೆ ಆಮ್ಲಜನಕ ಹಿಡಿದ ರಕ್ತ ಯಾವುದು, ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತ ಯಾವುದು ಅಂತ ಗೊತ್ತಾಗುದಿಲ್ಲ, ಎರಡನ್ನೂ ಒಂದೇ ಅಂತ ಎಣಿಸ್ತದೆ. ರಕ್ತದಲ್ಲಿ ಈ ವಿಷಗಾಳಿ ಎಷ್ಟು ಉಂಟು ಅಂತ ನೋಡ್ಲಿಕ್ಕೆ ಕಾರ್ಬಾಕ್ಸಿ ಹಿಮೋಗ್ಲೋಬಿನ್ ಅಂತ ಬೇರೆ ರಕ್ತ ಪರೀಕ್ಷೆ ಉಂಟು, ಅದೂ ತಡ ಮಾಡದೆ ಮಾಡಿಸ್ಬೇಕು, ಹೊರಗಿನ ಗಾಳಿಯಲ್ಲಿ 4-5 ಗಂಟೆಗೆ ರಕ್ತದಲ್ಲಿರುವ ಆ ವಿಷ ಅರ್ಧಕ್ಕೆ ಇಳಿತದೆ. ವಾಸನೆ ಇಲ್ಲ ಅಂದ್ರಿ, ಸಿಲಿಂಡರ್ ಗ್ಯಾಸಿನ ವಾಸನೆ ಲೀಕ್ ಗೊತ್ತಾಗ್ಲಿ ಅಂತ ಸೇರಿಸಿದ್ದು, ಉರಿದ ಮೇಲೆ ಅದು ಇರುದಿಲ್ಲ.

ಓನರಿಗೆ ಹೇಳಿ ಗೀಸರನ್ನು ಬಾಲ್ಕನಿಗೆ ಹಾಕಿಸಿ. ಸಮುದ್ರದ ಉಪ್ಪು ಗಾಳಿಗೆ ಬರ್ನರ್ ಬೇಗ ತುಕ್ಕು ಹಿಡಿತದೆ, ಒಳಗೆ ಜೇಡ ಬಲೆ ಕಟ್ತದೆ, ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಸರ್ವಿಸ್ ಮಾಡ್ಸಿ. ಜ್ವಾಲೆ ನೀಲಿ ಇರ್ಬೇಕು, ಹಳದಿ ಆದ್ರೆ ಅಥವಾ ಮಸಿ ಕಂಡ್ರೆ ಉಪಯೋಗಿಸ್ಲೇಬೇಡಿ. ಯಾರಾದ್ರೂ ಬಚ್ಚಲಲ್ಲಿ ಬಿದ್ರೆ ಬಾಗಿಲು ಒಡೆದು ಮೊದಲು ಅವ್ರನ್ನು ಹೊರಗೆ ಎಳಿರಿ, ಆಮೇಲೆ 108.

ಪ್ರಶ್ನೆ: ನಾವು ಮಂಗ್ಳೂರು ಕದ್ರಿಯವ್ರು. ಮಗಳು ಕೆನಡಾದ ಒಂಟಾರಿಯೊದಲ್ಲಿ ಮನೆ ತಗೊಂಡಿದ್ದಾಳೆ, ಹಾಲಲ್ಲಿ ಮನೆ ಬೆಚ್ಚಗಾಗ್ಲಿಕ್ಕೆ ಗ್ಯಾಸ್ ಬೆಂಕಿಗೂಡು (ಫೈರ್‌ಪ್ಲೇಸ್) ಹಾಕಿಸ್ತಾಳಂತೆ. ಮೊಮ್ಮಗುವಿಗೆ ಒಂದು ವರ್ಷ. ಮುಚ್ಚಿದ ಮನೆಯಲ್ಲಿ ಬೆಂಕಿ ಅಂದ್ರೆ ನಮಗೆ ಹೆದ್ರಿಕೆ.

ಉತ್ತರ: ಡೈರೆಕ್ಟ್ ವೆಂಟ್ ಅಂತ ಒಂದು ಜಾತಿ ಉಂಟು, ಅದನ್ನೇ ತಗೊಳ್ಲಿಕ್ಕೆ ಹೇಳಿ. ಅದರಲ್ಲಿ ಬೆಂಕಿ ಪೂರ್ತಿ ಗಾಜಿನ ಹಿಂದೆ ಮುಚ್ಚಿರ್ತದೆ, ಉರಿಲಿಕ್ಕೆ ಬೇಕಾದ ಗಾಳಿಯನ್ನು ಹೊರಗಿಂದ ಎಳ್ಕೊಂಡು ಹೊಗೆಯನ್ನೂ ಹೊರಗೇ ಬಿಡ್ತದೆ, ಹಾಲಿನ ಗಾಳಿಯನ್ನು ಮುಟ್ಟುದಿಲ್ಲ. ಒಂಟಾರಿಯೊದಲ್ಲಿ ಗ್ಯಾಸ್ ಕೆಲಸವನ್ನು ಅಲ್ಲಿ ಗ್ಯಾಸ್ ಸುರಕ್ಷತೆ ನೋಡ್ಕೊಳ್ಳುವ ಟಿಎಸ್‌ಎಸ್‌ಎ ಸಂಸ್ಥೆಯಲ್ಲಿ ರಿಜಿಸ್ಟರ್ ಆದವ್ರೇ ಮಾಡ್ಬೇಕು, ಮಲಗುವ ಕೋಣೆಗಳ ಹತ್ರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಾನೂನು ಪ್ರಕಾರ ಇರ್ಲೇಬೇಕು. ಮಗುವಿನ ವಿಷಯದಲ್ಲಿ ನನಗೆ ಹೊಗೆಗಿಂತ ಆ ಗಾಜಿನದ್ದೇ ಚಿಂತೆ. ಅದು 200 ಡಿಗ್ರಿ ಸೆಲ್ಸಿಯಸ್ ದಾಟ್ತದೆ, ಆರಿಸಿದ ಮೇಲೂ ಸುಮಾರು ಹೊತ್ತು ಬಿಸಿ ಇರ್ತದೆ, ಗೋಡೆ ಹಿಡಿದು ನಡೆಯುವ ಮಗು ಎರಡೂ ಅಂಗೈ ಅದಕ್ಕೇ ಒತ್ತುದು. 2015ರಿಂದ ಈಚೆ ತಯಾರಾದವಕ್ಕೆ ಕಂಪನಿಯವ್ರೇ ಜಾಲರಿ ಕೊಡ್ತಾರೆ, ಅದನ್ನು ಚಂದ ಕಾಣುದಿಲ್ಲ ಅಂತ ತೆಗೆದಿಡ್ಬಾರ್ದು, ಅದರ ಎದುರು ಇನ್ನೊಂದು ಬೇಲಿ ಬೇಕು. ಮತ್ತೆ ಅಲ್ಲಿ ಹಿಮ ಬಿದ್ದಾಗ ಹೊರಗೋಡೆಯ ಕೊಳವೆ ಬಾಯಿ ಮುಚ್ಚಿ ಹೋಗ್ತದೆ, ಬೆಂಕಿ ಹಾಕುವ ಮೊದಲು ಅಳಿಯ ಹೊರಗೆ ಹೋಗಿ ನೋಡಿ ಬಿಡಿಸಿಯೇ ಹಾಕ್ಬೇಕು ಅಂತ ಫೋನಲ್ಲಿ ಹೇಳಿಬಿಡಿ.