ಯಾರ ಕಡೆಯಿಂದ ಬಂತು?

"ಮಗನಿಗೆ 22 ವರ್ಷ. ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಎಂದಿದ್ದಾರೆ. ಈ ಕಾಯಿಲೆಯಲ್ಲಿ ಮಿದುಳು ಕುಗ್ಗುವುದಕ್ಕೂ ವಂಶವಾಹಿಗೂ ನಂಟಿದೆ ಎಂದು ಓದಿದೆ. ಇಷ್ಟು ದಿನ ನಾನು ಬೆಳೆಸಿದ್ದು ಸರಿಯಿಲ್ಲ ಎನ್ನುತ್ತಿದ್ದ ನೆಂಟರು ಈಗ ನನ್ನ ರಕ್ತವೇ ಸರಿಯಿಲ್ಲ ಎನ್ನುತ್ತಾರೆ. ಯಾವುದು ನಿಜ?"
- ಹೆಸರು ಬೇಡವೆಂದ ಓದುಗರು

ಅಮ್ಮಾ, ನಾಲ್ಕು ಪುಟದ ನಿಮ್ಮ ಕಾಗದದಲ್ಲಿ ಅಚ್ಚಾದದ್ದು ಇಷ್ಟೇ. ಮೂರನೆಯ ಪುಟದಲ್ಲಿ ಎರಡೆರಡು ಅಡಿಗೆರೆ ಎಳೆದು ಬರೆದ ಮಾತನ್ನು ಬೇಕೆಂದೇ ಬಿಟ್ಟೆ. ಅದು ನಿಮ್ಮ ಮಾತಲ್ಲ, ಯಾರೋ ನಿಮ್ಮ ಬಾಯಿಗೆ ತುರುಕಿದ್ದು.

ತುರುಕುವ ಕೆಲಸ ಹಳೆಯದು. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವೈದ್ಯೆ 'ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ' ಎಂಬ ಮಾತನ್ನು ಬರೆದರು. ದಶಕಗಳ ಕಾಲ ವೈದ್ಯರೇ ಅದನ್ನು ಜಪಿಸಿದರು. ಅಪ್ಪನ ವಯಸ್ಸು ಹೆಚ್ಚಿದಷ್ಟೂ ಮಕ್ಕಳಿಗೆ ಈ ಕಾಯಿಲೆಯ ಅಪಾಯ ಕೊಂಚ ಏರುತ್ತದೆ ಎಂದು ಆಮೇಲೆ ತಿಳಿದಾಗ 'ಹುಟ್ಟಿಸುವ ತಂದೆ' ಎಂಬ ಪದವನ್ನು ಯಾರೂ ಟಂಕಿಸಲಿಲ್ಲ, ನೋಡಿ!

ಪರಿಸರದ ಪಾತ್ರವಿಲ್ಲವೇ? ಇದೆ. ಗರ್ಭದಲ್ಲಿನ ಹಸಿವು, ಹೆರಿಗೆಯ ತೊಡಕು, ಹದಿವಯಸ್ಸಿನ ಗಾಂಜಾ. ಒಪ್ಪಿದೆ. ಆದರೆ ನೀವು ಅವನನ್ನು ಗದರಿದ್ದು, ಮುದ್ದಿಸಿದ್ದು ಆ ಪಟ್ಟಿಯಲ್ಲಿಲ್ಲ.

1990ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದನ್ನು ನಾನು ಮತ್ತೆ ಮತ್ತೆ ತೆಗೆದು ಓದುತ್ತೇನೆ. ಏಕರೂಪದ ಅವಳಿಗಳ 15 ಜೋಡಿ. ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಇಲ್ಲ. ಮಿದುಳಿನ ನಡುವೆ ದ್ರವ ತುಂಬಿದ ಕುಹರಗಳಿರುತ್ತವೆ. ಸ್ಕ್ಯಾನಿನಲ್ಲಿ ರೆಕ್ಕೆ ಬಿಚ್ಚಿದ ಕಪ್ಪು ಚಿಟ್ಟೆಯಂತೆ ಕಾಣುತ್ತವೆ. ಕಾಯಿಲೆಯ ಬಹುತೇಕರಲ್ಲಿ ಆ ಚಿಟ್ಟೆ ದೊಡ್ಡದು, ಅಂದರೆ ಸುತ್ತಲಿನ ಮಿದುಳು ಅಷ್ಟು ಚಿಕ್ಕದು. ಅಂಥ ದ್ರವದ ಜಾಗಗಳನ್ನು ಬರಿಗಣ್ಣಿನಲ್ಲಿ ನೋಡಿಯೇ 15ರಲ್ಲಿ 12 ಜೋಡಿಗಳಲ್ಲಿ ರೋಗಿ ಯಾರೆಂದು ಗುರುತಿಸಿದರು. ವಂಶವಾಹಿ ಒಂದೇ, ಮಿದುಳು ಬೇರೆ! 'ರಕ್ತ' ಎನ್ನುವ ನಿಮ್ಮ ನೆಂಟರ ಮುಂದೆ ಈ ಒಂದು ಸಂಗತಿ ಇಡಿ. ಏಕರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಅರ್ಧಕ್ಕಿಂತ ಕಡಿಮೆ ಸಲ.

ಹಾಗೆಂದು ವಂಶವಾಹಿ ಸುಳ್ಳಲ್ಲ. ಕಾಯಿಲೆಯಿಲ್ಲದ ಒಡಹುಟ್ಟಿದವರ ಮಿದುಳಿನಲ್ಲೂ ಸರಾಸರಿಯಲ್ಲಿ ಅದೇ ಬದಲಾವಣೆಯ ಸಣ್ಣ ನೆರಳು ಕಂಡಿದೆ. ಹದಿವಯಸ್ಸಿನಲ್ಲಿ ಮಿದುಳು ತನ್ನ ನರಕೋಶಗಳ ನಡುವಿನ ಬೇಡದ ಕೊಂಡಿಗಳನ್ನು ತಾನೇ ಸವರಿಕೊಳ್ಳುತ್ತದೆ. 2016ರಲ್ಲಿ ಸಿ4 ಎಂಬ ವಂಶವಾಹಿಯತ್ತ ಬೆರಳು ತೋರಿದ ಸಂಶೋಧನೆಯ ಪ್ರಕಾರ, ಅದರ ಕೆಲವು ರೂಪಗಳಿರುವವರಲ್ಲಿ ಈ ಸವರುವಿಕೆ ಅತಿಯಾಗುತ್ತಿರಬಹುದು. ಕಾಯಿಲೆ ಅದೇ ವಯಸ್ಸಿನ ಆಸುಪಾಸಿನಲ್ಲಿ ತಲೆಯೆತ್ತುವುದಕ್ಕೆ ಇದು ಹೊಂದುತ್ತದೆ. ಆದರೆ ಸಿ4 ಒಂದೇ ಅಲ್ಲ. 2022ರ ದೊಡ್ಡ ಅಧ್ಯಯನ ನಮ್ಮ ವಂಶವಾಹಿಗಳ ಸರಮಾಲೆಯಲ್ಲಿ ಈ ಕಾಯಿಲೆಯ ಅಪಾಯಕ್ಕೆ ನಂಟಿರುವ 287 ತಾಣಗಳನ್ನು ಗುರುತಿಸಿತು. ಬಹುತೇಕ ಒಂದೊಂದರದೂ ಚಿಟಿಕೆಯಷ್ಟು ಪ್ರಭಾವ. ಅಲ್ಲಿನ ಅಪಾಯದ ರೂಪಗಳಲ್ಲಿ ಹಲವು ನನ್ನಲ್ಲೂ ಇರಲೇಬೇಕು, ನಿಮ್ಮ ನೆಂಟರಲ್ಲೂ.

ಇನ್ನು 'ಕುಗ್ಗಿದೆ' ಎಂಬ ಮಾತು. ಅದು ಗುಂಪಿನ ಸರಾಸರಿ. ಒಬ್ಬನ ಸ್ಕ್ಯಾನ್ ನೋಡಿ ಸ್ಕಿಜೋಫ್ರೇನಿಯಾ ಎಂದು ಹೇಳಲಾಗದು. ಔಷಧಿಯದೂ ಸ್ವಲ್ಪ ಪಾಲಿರಬಹುದೆಂಬ ಅನುಮಾನವಿದೆ. ಇದನ್ನು ಓದಿ ಮಾತ್ರೆ ನಿಲ್ಲಿಸೀರಿ, ಜೋಕೆ, ವೈದ್ಯರನ್ನು ಕೇಳಿ.

ನಮ್ಮ ಕಸುಬಿನವರ ಮೇಲೂ ನನಗೆ ಸಿಟ್ಟಿದೆ. 'ಹುಚ್ಚಿನ ಜೀನ್ ಪತ್ತೆ' ಎಂದು ಶೀರ್ಷಿಕೆ ಕೊಡುತ್ತಾರೆ. ಉಪಸಂಪಾದಕನಾಗಿದ್ದಾಗ ನಾನೇ ಕೊಟ್ಟಿದ್ದೇನೆ, ಮೂರು ಕಾಲಮ್ಮಿನಗಲಕ್ಕೆ. ಎರಡು ನಾಲಿಗೆಯ ರಾಜಕಾರಣಿಗೆ 'ಸ್ಕಿಜೋಫ್ರೇನಿಕ್' ಎನ್ನುವವರೂ ನಮ್ಮವರೇ. ಎರಡು ನಾಲಿಗೆಗೂ ಈ ಕಾಯಿಲೆಗೂ ಏನು ಸಂಬಂಧ?

ನಿಮ್ಮನ್ನೂ ಸ್ವಲ್ಪ ಗದರಲೇ? ನಾಲ್ಕು ಪುಟದಲ್ಲಿ ಮಗನ ಬಗ್ಗೆ ಇರುವುದು ಒಂದೇ ಸಾಲು, ಅಂಚಿನಲ್ಲಿ ಚಿಕ್ಕದಾಗಿ: "ಈ ವಾರ ಮತ್ತೆ ಹಳೆ ರೇಡಿಯೊ ಬಿಚ್ಚಿ ಕೂತಿದ್ದಾನೆ." ರೇಡಿಯೊ ಹಾಡಿತೇ? ಅದನ್ನು ಬರೆಯಿರಿ.