ಆ ಸಮುರಾಯ್‌ಗೆ ಊಟ ಯಾರು ಹಾಕ್ತಿದ್ರು?

ನಮಸ್ಕಾರ. ಜಪಾನಿನ ಸಮುರಾಯ್ ಯೋಧರ ಬಗ್ಗೆ ನೀವು ಕಳಿಸಿದ ‘ಕತ್ತಿಯೇ ಆತ್ಮ’ ಲೇಖನ ಎರಡು ಸಲ ಓದಿದೆ. ಭಾಷೆ ಸರಾಗ ಇದೆ, ಕಾಗುಣಿತ ತಪ್ಪಿಲ್ಲ, ಈಗಿನ ಕಾಲಕ್ಕೆ ಅದೇ ದೊಡ್ಡದು. ಆದ್ರೆ ಹೀಗೇ ಹಾಕೋಕಾಗಲ್ಲ.

ಕಿರಿಕಿರಿ ಶುರುವಾಗಿದ್ದೇ ಮೊದಲ್ನೇ ಸಾಲಲ್ಲಿ. “700 ವರ್ಷ ಸಮುರಾಯ್ ವೀರರು ಕತ್ತಿಯನ್ನೇ ನಂಬಿ ಬದುಕಿದರು.” ಯಾವ ಸಮುರಾಯ್ ಸ್ವಾಮಿ? 1192ರಲ್ಲಿ ಮಿನಾಮೊತೊ ಯೊರಿತೊಮೊ ಶೋಗುನ್, ಅಂದ್ರೆ ದೇಶ ಆಳೋ ಸೇನಾಧಿಪತಿ, ಆದಾಗ ಅವನ ಕಡೆಯವರು ಕುದುರೆ ಮೇಲೆ ಕೂತು ಬಾಣ ಬಿಡೋರು, ಅವರ ಬಾಯಲ್ಲಿ ಇದ್ದಿದ್ದೇ ‘ಬಿಲ್ಲು-ಕುದುರೆ ದಾರಿ’ ಅನ್ನೋ ಮಾತು. 1575ಕ್ಕೆ ಬನ್ನಿ, ನಾಗಶಿನೊ ಯುದ್ಧದಲ್ಲಿ ಸೇನಾನಾಯಕ ಓದಾ ನೊಬುನಾಗನ ಕಡೆ ಬಂದೂಕು. 1615ರಲ್ಲಿ ಒಸಾಕಾ ಕೋಟೆ ಬಿದ್ದ ಮೇಲಂತೂ, 1637ರ ಶಿಮಾಬರಾ ದಂಗೆ ಒಂದು ಬಿಟ್ರೆ, ಎರಡು ಶತಮಾನ ಹೇಳ್ಕೊಳ್ಳೋ ಅಂಥ ಯುದ್ಧಾನೇ ಇಲ್ಲ. ಇವರನ್ನೆಲ್ಲ ಒಂದೇ ಫೋಟೋದಲ್ಲಿ ನಿಲ್ಲಿಸಿದೀರ.

ಆಮೇಲೆ ಈ ಸಾಲು: “ಹಣವನ್ನು ತೃಣಸಮಾನವಾಗಿ ಕಂಡವರು.” ಇಲ್ಲಿ ನಿಜಕ್ಕೂ ಸಿಟ್ಟು ಬಂತು ನಂಗೆ. ತೊಕುಗಾವಾ ಮನೆತನದ ಶೋಗುನ್‌ಗಳು ಆಳ್ತಿದ್ದ ಆ ಯುದ್ಧವಿಲ್ಲದ ಕಾಲದಲ್ಲಿ ಸಮುರಾಯ್ ಸಂಬಳದ ಲೆಕ್ಕ ಅಕ್ಕಿಯಲ್ಲಿ, ಕೊಕು ಅಂತ, ಒಂದು ಕೊಕು ಅಂದ್ರೆ ಸುಮಾರು 150 ಕೆಜಿ. ಎದೊ ಅಂದ್ರೆ ಈಗಿನ ಟೋಕಿಯೊ, ಅಲ್ಲಿ ಅಸಾಕುಸಾದಲ್ಲಿ ಶೋಗುನ್‌ನ ಅಕ್ಕಿ ಉಗ್ರಾಣ, ವರ್ಷಕ್ಕೆ ಮೂರು ಕಂತು, ಆ ಅಕ್ಕಿ ಬಿಡಿಸ್ಕೊಂಡು ಮಾರಿ ಕಾಸು ಮಾಡಿಕೊಡೋಕೆ ಫುದಸಾಶಿ ಅನ್ನೋ ದಲ್ಲಾಳಿಗಳು, ಮುಂದಿನ ಕಂತು ತೋರಿಸಿ ಸಾಲ ಎತ್ತೋದೂ ಅವರ ಹತ್ರಾನೇ. ಕೊನೆಗೆ 1789ರಲ್ಲಿ ಸರ್ಕಾರವೇ ಹಳೇ ಸಾಲ ಮನ್ನಾ ಮಾಡ್ಬೇಕಾಯ್ತು. ಸಾಲಮನ್ನಾ ಅಂದ್ರೇನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳೋದೇ ಬೇಡ!

ಇಷ್ಟಾಗಿ ನಾಲ್ಕನೇ ಪುಟದಲ್ಲಿ, ಬ್ರಾಕೆಟ್ ಒಳಗೆ, ನೀವೇ ಬರೆದಿದೀರ: “ಕೆಲವರು ಛತ್ರಿ ತಯಾರಿಸುತ್ತಿದ್ದರು.” ಅಯ್ಯೋ ಮಾರಾಯ್ರೆ, ಲೇಖನ ಇರೋದೇ ಅಲ್ಲಲ್ವಾ? ಸೊಂಟಕ್ಕೆ ಎರಡು ಕತ್ತಿ ಸಿಗಿಸ್ಕೊಳ್ಳೋ ಹಕ್ಕಿರೋ ಮನುಷ್ಯ ಸಂಬಳ ಸಾಲದೆ ಮನೇಲಿ ಕೂತು ಬಿದಿರು ಕಡ್ಡಿಗೆ ಕಾಗದ ಅಂಟಿಸ್ತಿದಾನೆ, ಅವನನ್ನ ತಗೊಂಡೋಗಿ ಬ್ರಾಕೆಟ್‌ನಲ್ಲಿ ಕೂಡಿಹಾಕಿದೀರಲ್ಲ.

ನಾನೂ ಇದನ್ನೇ ಮಾಡಿದೋನು ಬಿಡಿ. ವಾರಪತ್ರಿಕೆಗೆ ಸೇರಿದ ಹೊಸದರಲ್ಲಿ ಒಂದು ಕೋಟೆ ಬಗ್ಗೆ ಬರೆದೆ, ಕಾವಲುಗಾರ ಸಿಂಹದಂತೆ ಗರ್ಜಿಸಿದ ಅಂತೆಲ್ಲ. ನಮ್ಮ ಹಿರಿಯ ಸಂಪಾದಕರು ಅಂಚಲ್ಲಿ ಕೆಂಪಿಂಕಲ್ಲಿ ಒಂದೇ ಸಾಲು ಗೀಚಿ ವಾಪಸ್ ಕೊಟ್ರು: ‘ಇವನಿಗೆ ಊಟ ಯಾರು ಹಾಕ್ತಿದ್ರು?’ ಮೂರು ದಿನ ಲೈಬ್ರರಿಯಲ್ಲಿ ಕೂತೆ, ಉತ್ತರ ಸಿಗ್ಲಿಲ್ಲ, ಲೇಖನಾನೂ ಬರ್ಲಿಲ್ಲ. ಅವರ ಮೇಲೆ ಒಂದು ತಿಂಗಳು ಮುನಿಸ್ಕೊಂಡಿದ್ದೆ.

‘ವೀರ’ 23 ಸಲ ಬಂದಿದೆ, ಎಣಿಸಿದೀನಿ. ಎರಡು ಇಟ್ಕೊಂಡು ಮಿಕ್ಕಿದ್ದು ಹೊಡೆದುಹಾಕಿ. ಛತ್ರಿಯಿಂದ ಶುರು ಮಾಡಿ, 1876ರಲ್ಲಿ ಸಂಬಳ ಹೋಗಿ ಕೈಗೆ ಸರ್ಕಾರದ ಬಾಂಡ್ ಬಂತಲ್ಲ, ಅದೇ ವರ್ಷ ಕತ್ತಿ ಕಟ್ಟೋದೂ ಬಂದ್ ಆಯ್ತಲ್ಲ, ಅಲ್ಲಿಗೆ ನಿಲ್ಲಿಸಿ. ಒಂದು ಛತ್ರಿಗೆ ಎಷ್ಟು ಕಾಸು ಸಿಗ್ತಿತ್ತು ಅಂತ ಎಲ್ಲಾದ್ರೂ ಕಣ್ಣಿಗೆ ಬಿದ್ರೆ, ಲೇಖನ ಮುಗಿಯೋವರೆಗೂ ಕಾಯ್ಬೇಡಿ, ಫೋನ್ ಮಾಡಿ.